ಮಾವನ ಹೆಬ್ಬೆರಳಿನ ರಕ್ತ ನಲವತ್ತು ನಿಮಿಷ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ನಮ್ಮದು ಗಂಗಾವತಿ ತಾಲೂಕಿನ ಒಂದು ಹಳ್ಳಿ. ಮಾವನವರಿಗೆ 64 ವರ್ಷ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಅವತ್ತಿನಿಂದ ದಿನಾ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಮಾತ್ರೆ ತಗೊಳ್ತಾರೆ. ಹೋದ ವಾರ ಎಮ್ಮೆಗೆ ಮೇವು ಕೊಯ್ಯುವಾಗ ಕುಡುಗೋಲು ತಾಗಿ ಎಡಗೈ ಹೆಬ್ಬೆರಳು ಕೊಯ್ದುಕೊಂಡರು. ಕಾಫಿ ಪುಡಿ ಹಾಕಿದೆವು, ನಿಲ್ಲಲಿಲ್ಲ. ಅರಿಶಿನ ಹಾಕಿ ಬಟ್ಟೆ ಕಟ್ಟಿದೆವು. ಬಿಚ್ಚಿ ನೋಡಿದಾಗೆಲ್ಲ ಮತ್ತೆ ಸುರಿಯುತ್ತಿತ್ತು. ಒಂದು ಟವೆಲ್ ಪೂರ್ತಿ ತೊಯ್ದು ಹೋಯ್ತು. ನಿಲ್ಲೋಕೆ ನಲವತ್ತು ನಿಮಿಷ ಆಯ್ತು. ಪಕ್ಕದ ಮನೆಯವರು ‘ರಗತ ನೀರಾಗೇತಿ, ಮೊದಲು ಆ ಗುಳಿಗಿ ಬಿಡಸ್ರಿ’ ಅಂದರು. ಹೆದರಿ ಮೂರು ದಿನದಿಂದ ಎರಡೂ ಮಾತ್ರೆ ಕೊಟ್ಟಿಲ್ಲ. ಮುಂದಿನ ವಾರ ಅವರ ಒಂದು ಹಲ್ಲು ಕೀಳಿಸುವುದಿದೆ, ಅದಕ್ಕೂ ಭಯ. ಇನ್ನೊಂದು ಮಾತು. ನನ್ನ ಏಳು ವರ್ಷದ ಮಗನಿಗೆ ಬೇಸಿಗೆ ಬಂದರೆ ಮೂಗಿನಿಂದ ರಕ್ತ ಬರುತ್ತೆ. ಅಜ್ಜನದೇ ಮೊಮ್ಮಗನಿಗೂ ಬಂದಿರಬಹುದಾ? ರಕ್ತದ ಕಲೆ ಆ ಟವೆಲಿನಿಂದ ಹೋಗ್ತಾನೇ ಇಲ್ಲ, ನೋಡಿದಾಗೆಲ್ಲ ಹೊಟ್ಟೆ ಕಲಸಿದ ಹಾಗಾಗುತ್ತೆ.

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ನಲವತ್ತು ನಿಮಿಷದ ರಕ್ತ ಅಲ್ಲ. ‘ಮೂರು ದಿನದಿಂದ ಮಾತ್ರೆ ಕೊಟ್ಟಿಲ್ಲ’ ಅನ್ನುವ ಆ ಒಂದು ಸಾಲು. ಅದಕ್ಕೇ ಈ ಉತ್ತರ ಬರೆಯಲು ಕೂರುವ ಮೊದಲೇ ನಿಮಗೆ ಫೋನ್ ಮಾಡಿಸಿದೆ. ಮಾವನವರು ಮಾತ್ರೆ ಮತ್ತೆ ಶುರು ಮಾಡಿದ್ದಾರೆ, ಸ್ಟೆಂಟ್ ಹಾಕಿದ ಡಾಕ್ಟರ ಹತ್ತಿರವೂ ಮಾತಾಡಿದ್ದೀರಿ ಅಂತ ಗೊತ್ತಾಯಿತು. ಈಗ ನಿಧಾನವಾಗಿ ಮಾತಾಡಬಹುದು. ಇದೇ ಭಯ ಇರುವ ಮನೆಗಳು ನಮ್ಮ ಕಡೆ ಬಹಳ ಇವೆ, ಅವರಿಗೂ ಸೇರಿಸಿ ಬರೆಯುತ್ತೇನೆ.

ನಿಮ್ಮ ಮಾವನವರ ರಕ್ತ ನೀರಾಗಿಲ್ಲ. ಆ ಮಾತು ಊರಲ್ಲಿ ಹುಟ್ಟೋದಕ್ಕೆ ಕಾರಣ ನಾವೇ, ಡಾಕ್ಟರುಗಳು. ಓಪಿಡಿಯಲ್ಲಿ ಐವತ್ತು ಜನ ಕಾಯುತ್ತಿರುವಾಗ ‘ಇದು ರಕ್ತ ತೆಳು ಮಾಡೋ ಮಾತ್ರೆ’ ಅಂತ ಒಂದೇ ಉಸಿರಲ್ಲಿ ಹೇಳಿ ಚೀಟಿ ಕೊಡುತ್ತೇವೆ. ಕೇಳಿದವರು ಅಂಬಲಿಗೆ ನೀರು ಬೆರೆಸಿದ ಹಾಗೆ ಅಂದುಕೊಳ್ಳುತ್ತಾರೆ. ಅವರದೇನು ತಪ್ಪು? ರಕ್ತದ ಗಟ್ಟಿತನ ಹೆಚ್ಚಾಗಿ ಅದರೊಳಗಿನ ಕೆಂಪು ಕಣಗಳಿಂದ ಬರುತ್ತೆ. ಈ ಎರಡು ಮಾತ್ರೆಗಳು ಆ ಕಣಗಳನ್ನು ಮುಟ್ಟುವುದೇ ಇಲ್ಲ. ಮಾವನವರ ರಕ್ತ ಮಾತ್ರೆಗೆ ಮುಂಚೆ ಎಷ್ಟು ಗಟ್ಟಿ ಇತ್ತೋ ಈಗಲೂ ಅಷ್ಟೇ ಇದೆ. ಮಾತ್ರೆಯ ಕೆಲಸ ಬೇರೆ ಕಡೆ. ಅದು ತಿಳಿಯಬೇಕಾದರೆ, ಕುಡುಗೋಲು ತಾಗಿದ ಮೇಲೆ ಆ ಬೆರಳಿನೊಳಗೆ ಏನಾಯಿತು ಅಂತ ನೋಡಬೇಕು.

ನೀವು ಗಂಗಾವತಿಯವರು. 2024ರ ಆಗಸ್ಟ್ 10ರ ರಾತ್ರಿ ಮರೆಯೋ ಹಾಗಿಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿದವರೆಲ್ಲ ನಿದ್ದೆ ಬಿಟ್ಟರು. ಆಮೇಲೆ ಹರಿಯುವ ನೀರಲ್ಲೇ ಕಬ್ಬಿಣದ ಹಲಗೆಗಳನ್ನು, ಅಂದರೆ ಸ್ಟಾಪ್ ಲಾಗ್‌ಗಳನ್ನು, ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ತಡೆದರು. ಪೂರ್ತಿ ಹೊಸ ಗೇಟು ಆಗ ಕೂರಿಸಲಿಲ್ಲ. ಮೊದಲು ತಾತ್ಕಾಲಿಕ ತಡೆ, ಪಕ್ಕಾ ಕೆಲಸ ಆಮೇಲೆ. ದೇಹವೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತೆ.

ರಕ್ತನಾಳ ಕೊಯ್ದ ಕೂಡಲೇ, ಸೆಕೆಂಡುಗಳಲ್ಲಿ, ಅದರ ಗೋಡೆಯ ಸ್ನಾಯು ಬಿಗಿದುಕೊಂಡು ನಾಳ ಸಣ್ಣದಾಗುತ್ತೆ. ಇಲ್ಲೊಂದು ವಿಚಿತ್ರ ಇದೆ. ಪೂರ್ತಿ ತುಂಡಾದ ನಾಳ ಹಿಂದಕ್ಕೆ ಸರಿದು ಬಾಯಿ ಮುಚ್ಚಿಕೊಳ್ಳುತ್ತೆ. ಅರ್ಧ ಮಾತ್ರ ಕೊಯ್ದ ನಾಳಕ್ಕೆ ಆ ದಾರಿ ಇಲ್ಲ. ಎರಡೂ ಕಡೆ ಎಳೆದು ಹಿಡಿದಿರೋದರಿಂದ ತೂತು ಬಾಯಿ ತೆರೆದೇ ಇರುತ್ತೆ. ಹಾಗಾಗಿ ಸಣ್ಣದಾಗಿ ಕಾಣುವ ಗಾಯ ಕೆಲವೊಮ್ಮೆ ದೊಡ್ಡದಕ್ಕಿಂತ ಜಾಸ್ತಿ ಸುರಿಯುತ್ತೆ. ಅದರ ಮೇಲೆ ಬೆರಳು, ತುಟಿ, ತಲೆಯ ಚರ್ಮ, ಈ ಮೂರು ಜಾಗದಲ್ಲಿ ರಕ್ತದ ಹರಿವೇ ಹೆಚ್ಚು. ಹೆಬ್ಬೆರಳಲ್ಲಿ ಒಂದಿಷ್ಟು ಜಾಸ್ತಿ ಸುರಿದದ್ದಕ್ಕೆ ಮಾತ್ರೆ ಒಂದನ್ನೇ ಬೈಯುವ ಹಾಗಿಲ್ಲ.

ಎರಡನೇ ಹೆಜ್ಜೆಯಲ್ಲಿ ಬರೋದು ಪ್ಲೇಟ್‌ಲೆಟ್‌ಗಳು. ಡೆಂಗಿ ಬಂದಾಗ ನಮ್ಮ ಜನ ‘ಬಿಳಿ ರಕ್ತಕಣ ಕಮ್ಮಿ ಆಗ್ಯಾವ’ ಅಂತಾರಲ್ಲ, ಅವರು ಹೇಳೋದು ಇವನ್ನೇ. ಆದರೆ ಇವು ಬಿಳಿ ರಕ್ತಕಣ ಅಲ್ಲ. ಅವು ಬೇರೆ, ಇವು ಬೇರೆ. ಪ್ಲೇಟ್‌ಲೆಟ್ ಅಂದರೆ ಮೂಳೆಯ ಮಜ್ಜೆಯಲ್ಲಿರುವ ದೊಡ್ಡ ಜೀವಕೋಶಗಳಿಂದ ಉದುರಿದ ಚೂರುಗಳು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಮೈಕ್ರೋಲೀಟರ್ ಅಂದರೆ ಒಂದು ಹನಿಯೂ ಅಲ್ಲ, ಅದರ ಚೂರು. ನಾಳದ ಒಳಗೋಡೆ ನುಣುಪಾಗಿರುವ ತನಕ ಇವು ಸುಮ್ನೆ ತೇಲಿಕೊಂಡು ಹೋಗುತ್ತವೆ. ಗೋಡೆ ಹರಿದು ಒಳಗಿನ ಕೊಲಾಜನ್ ಎಂಬ ನಾರು ಹೊರಗೆ ಕಂಡರೆ ಮಾತ್ರ ಅದಕ್ಕೆ ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಚಪ್ಪಟೆ ಬಿಲ್ಲೆಯ ಆಕಾರ ಬಿಟ್ಟು, ಸುತ್ತ ಮುಳ್ಳಿನಂಥ ಕೈ ಚಾಚುತ್ತವೆ. ಜೊತೆಗೆ ರಾಸಾಯನಿಕಗಳನ್ನು ಬಿಟ್ಟು ಹಾದುಹೋಗುವ ಬೇರೆ ಪ್ಲೇಟ್‌ಲೆಟ್‌ಗಳನ್ನು ಕೂಗಿ ಕರೆಯುತ್ತವೆ. ಬಂದವು ಇನ್ನಷ್ಟನ್ನು ಕರೆಯುತ್ತವೆ. ಹೀಗೆ ಗುಂಪಾಗಿ ಕೂತು ತೂತಿಗೆ ಬಿರಡೆ ಹಾಕುತ್ತವೆ.

ಮಾವನವರ ಎರಡು ಮಾತ್ರೆ ಕೆಲಸ ಮಾಡೋದು ಈ ಕೂಗಿನ ಮೇಲೆ. ಕರೆಯೋಕೆ ಬಳಸುವ ಒಂದು ರಾಸಾಯನಿಕ ಥ್ರಾಂಬಾಕ್ಸೇನ್. ಆಸ್ಪಿರಿನ್ ಅದನ್ನು ತಯಾರಾಗಲು ಬಿಡೋದಿಲ್ಲ, ಅಂದರೆ ಕೂಗುವ ಬಾಯಿ ಮುಚ್ಚುತ್ತೆ. ಕ್ಲೋಪಿಡೋಗ್ರೆಲ್ ಇನ್ನೊಂದು ಕರೆಯನ್ನು ಕೇಳುವ ಕಿವಿ ಮುಚ್ಚುತ್ತೆ. ಪ್ಲೇಟ್‌ಲೆಟ್‌ಗಳ ಲೆಕ್ಕ ಕಮ್ಮಿ ಆಗಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಎರಡೂವರೆ ಲಕ್ಷ ಇದೆ ಅಂತಲೇ ಬರಬಹುದು. ಮಂದಿ ಇದ್ದಾರೆ, ಆದರೆ ಸೇರೋದು ತಡ. ಅಷ್ಟೇ ವ್ಯತ್ಯಾಸ.

ಮೂರನೆಯದು ಬಲೆ. ರಕ್ತದಲ್ಲಿ ಕರಗಿರುವ ಕೆಲವು ಪ್ರೋಟೀನುಗಳು ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗುತ್ತವೆ. ಇವಕ್ಕೆ ರೋಮನ್ ಅಂಕಿಯಲ್ಲಿ 13ರ ತನಕ ನಂಬರ್ ಕೊಟ್ಟಿದ್ದಾರೆ. ತಮಾಷೆ ಅಂದರೆ ಆರನೇ ನಂಬರಿನದು ಇಲ್ಲವೇ ಇಲ್ಲ. ಅದು ಬೇರೆ ಪ್ರೋಟೀನ್ ಅಲ್ಲ ಅಂತ ಗೊತ್ತಾಗಿ ಕೈಬಿಟ್ಟರು, ನಂಬರ್ ಹಾಗೇ ಖಾಲಿ ಉಳಿಯಿತು. ಇವುಗಳಲ್ಲಿ ಹೆಚ್ಚಿನವು ತಯಾರಾಗೋದು ಲಿವರಿನಲ್ಲಿ. ಹಾಗಾಗಿ ಕುಡಿದು ಲಿವರ್ ಕೆಡಿಸಿಕೊಂಡವರಿಗೆ ರಕ್ತ ಬೇಗ ನಿಲ್ಲೋದಿಲ್ಲ. ಕೊನೆಗೆ ಫೈಬ್ರಿನ್ ಎಂಬ ಎಳೆಗಳು ಹುಟ್ಟಿ ಪ್ಲೇಟ್‌ಲೆಟ್ ಬಿರಡೆಯ ಮೇಲೆ ಬಲೆ ನೇಯುತ್ತವೆ. ಕೆಂಪು ಕಣಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಹೆಪ್ಪು ಗಟ್ಟಿಯಾಗುತ್ತೆ. ಈ ಕೆಲಸಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಲ್ಯಾಬಿನಲ್ಲಿ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿದರೆ ಅದು ಹೆಪ್ಪುಗಟ್ಟೋದಿಲ್ಲ, ನೋಡಿದ್ದೀರಾ? ಅದರೊಳಗಿನ ಪುಡಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ.

ಈ ಮೂರನೇ ಹೆಜ್ಜೆಗೆ ಮಾವನವರ ಮಾತ್ರೆಗಳಿಂದ ಏನೂ ಆಗಿಲ್ಲ. ಬಲೆ ಗಟ್ಟಿಯಾಗಿಯೇ ಇದೆ. ಅದಕ್ಕೇ ತಡವಾದರೂ ರಕ್ತ ನಿಂತಿತು.

ಹಾಗಾದರೆ ಇಂಥ ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕುವ ಮಾತ್ರೆ ಯಾಕೆ ಕೊಡಬೇಕು? ಯಾಕಂದರೆ ಪ್ಲೇಟ್‌ಲೆಟ್‌ಗಳಿಗೆ ಕಣ್ಣಿಲ್ಲ. ಕುಡುಗೋಲಿನಿಂದ ಕೊಯ್ದ ಬೆರಳು ಯಾವುದು, ಹೃದಯದ ನಾಳದೊಳಗೆ ಒಡೆದ ಕೊಬ್ಬಿನ ಗಂಟು ಯಾವುದು ಅಂತ ಅವಕ್ಕೆ ಗೊತ್ತಾಗೋದಿಲ್ಲ. ಎರಡೂ ಕಡೆ ಹರಿದ ಗೋಡೆ ಕಾಣುತ್ತೆ. ಎರಡೂ ಕಡೆ ಓಡಿಬಂದು ಬಿರಡೆ ಹಾಕುತ್ತವೆ. ಬೆರಳಲ್ಲಿ ಆದರೆ ಗಾಯ ಮಾಯುತ್ತೆ. ಮೂರು ನಾಲ್ಕು ಮಿಲಿಮೀಟರ್ ಅಗಲದ ಹೃದಯದ ನಾಳದಲ್ಲಿ ಆದರೆ ದಾರಿಯೇ ಬಂದ್. ಎಂಟು ತಿಂಗಳ ಹಿಂದೆ ಮಾವನವರಿಗೆ ಆದದ್ದು ಅದೇ. ಸ್ಟೆಂಟ್ ಹಾಕಿ ದಾರಿ ತೆರೆದರು ಸರಿ, ಆದರೆ ಆ ಲೋಹದ ಜಾಲರಿಯನ್ನು ದೇಹ ಹೊರಗಿನ ವಸ್ತು ಅಂತಲೇ ನೋಡುತ್ತೆ. ಅದರ ಮೇಲೆ ನಾಳದ ನುಣುಪು ಪದರ ಬೆಳೆಯಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಪ್ಲೇಟ್‌ಲೆಟ್‌ಗಳ ಬಾಯಿ, ಕಿವಿ ಎರಡೂ ಮುಚ್ಚಿರಬೇಕು. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಮಾತ್ರೆ ಕೊಡುತ್ತೇವೆ, ಆಮೇಲೆ ಒಂದನ್ನು ಮುಂದುವರಿಸುತ್ತೇವೆ. ರಕ್ತಸ್ರಾವದ ಅಪಾಯ ಜಾಸ್ತಿ ಇರುವವರಿಗೆ ಬೇಗ ಒಂದಕ್ಕೆ ಇಳಿಸುವುದೂ ಉಂಟು. ಆ ಲೆಕ್ಕ ಸ್ಟೆಂಟ್ ಹಾಕಿದ ಡಾಕ್ಟರದು. ಪಕ್ಕದ ಮನೆಯವರದಲ್ಲ. ನನ್ನದೂ ಅಲ್ಲ.

ಮೂರು ದಿನ ಬಿಟ್ಟರೆ ಏನು ಮಹಾ ಅಂತ ಅನ್ನಿಸಬಹುದು. ಒಂದು ಪ್ಲೇಟ್‌ಲೆಟ್ ಬದುಕೋದು ಏಳರಿಂದ ಹತ್ತು ದಿನ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವ ತನಕ ಮೂಕವೇ. ಅದಕ್ಕೆ ಹೊಸದಾಗಿ ಏನನ್ನೂ ತಯಾರಿಸಿಕೊಳ್ಳುವ ಶಕ್ತಿ ಇಲ್ಲ. ಆದರೆ ಮಜ್ಜೆಯಿಂದ ದಿನಾ ಹತ್ತರಲ್ಲಿ ಒಂದು ಪಾಲು ಹೊಸವು ಬರುತ್ತಿರುತ್ತವೆ. ಮಾತ್ರೆ ಬಿಟ್ಟ ಮೂರು ದಿನದಲ್ಲಿ ಸುಮಾರು ಮೂರನೇ ಒಂದು ಭಾಗ ಬಾಯಿ ಬಂದ ಹೊಸ ಪ್ಲೇಟ್‌ಲೆಟ್‌ಗಳು ಸೇರಿರುತ್ತವೆ. ಸ್ಟೆಂಟಿನ ಮೇಲೆ ಹೆಪ್ಪು ಶುರುವಾಗಲು ಅಷ್ಟೇ ಸಾಕಾಗಬಹುದು. ಬೆರಳಿನಿಂದ ರಕ್ತ ಬಂದರೆ ನಿಮ್ಮ ಕೈಯಿಂದ ಒತ್ತಿ ಹಿಡಿಯಬಹುದು. ಸ್ಟೆಂಟ್ ಕಟ್ಟಿಕೊಂಡರೆ ಯಾರ ಕೈಯೂ ಅಲ್ಲಿಗೆ ಹೋಗಲ್ಲ. ಹೀಗೆ ಮಾತ್ರೆ ಬಿಟ್ಟು ರಾತ್ರೋರಾತ್ರಿ ಎದೆನೋವು ಅಂತ ಬಂದವರನ್ನು ನಾನು ನೋಡಿದ್ದೇನೆ. ಎಲ್ಲರೂ ಮನೆಗೆ ವಾಪಸ್ ಹೋಗಲಿಲ್ಲ.

ಆಸ್ಪಿರಿನ್ನಿಗೆ ಈ ಕೆಲಸ ಸಿಕ್ಕ ಕಥೆಯೂ ರಕ್ತ ನಿಲ್ಲದ ಕಥೆಯೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಕ್ರೇವನ್ ಅಂತ ಒಬ್ಬ ಸಾದಾ ಊರಿನ ಡಾಕ್ಟರ್ ಇದ್ದರು. ಗಂಟಲಿನ ಟಾನ್ಸಿಲ್ ತೆಗೆದ ಮೇಲೆ ನೋವಿಗೆ ಅಂತ ರೋಗಿಗಳಿಗೆ ಆಸ್ಪಿರಿನ್ ಇರುವ ಚೂಯಿಂಗ್ ಗಮ್ ಕೊಡುತ್ತಿದ್ದರು. ಅದನ್ನು ಜಾಸ್ತಿ ಜಗಿದವರಿಗೆ ರಕ್ತ ಜಾಸ್ತಿ ಹೋಗೋದು ಅವರ ಕಣ್ಣಿಗೆ ಬಿತ್ತು. ಗಂಟಲಲ್ಲಿ ಹೆಪ್ಪು ತಡೆಯುವುದು ಹೃದಯದಲ್ಲೂ ತಡೆಯಬಹುದಲ್ವಾ ಅಂತ ಯೋಚಿಸಿ, 1950ರ ಸುಮಾರಿಗೆ ತಮ್ಮ ರೋಗಿಗಳಿಗೆ ಆಸ್ಪಿರಿನ್ ಕೊಟ್ಟು ಬರೆದರು. ಆಗ ಯಾರೂ ಹೆಚ್ಚು ಲಕ್ಷ್ಯ ಕೊಡಲಿಲ್ಲ. ಆಸ್ಪಿರಿನ್ ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ, ಅವರಿಗೆ ನೊಬೆಲ್ ಬಂದದ್ದು 1982ರಲ್ಲಿ. ಅಂದರೆ ನಿಮ್ಮ ಮನೆಯಲ್ಲಿ ಭಯ ಹುಟ್ಟಿಸಿದ ಗುಣ ಇದೆಯಲ್ಲ, ಅದೇ ಆ ಮಾತ್ರೆಯ ಔಷಧಿ ಗುಣ.

ಈಗ ನಿಮ್ಮ ಕೈಯ ವಿಷಯ. ಬೇಜಾರು ಮಾಡ್ಕೋಬೇಡಿ. ನಲವತ್ತು ನಿಮಿಷದಲ್ಲಿ ಅರ್ಧ ಮಾತ್ರೆಯದಾದರೆ ಅರ್ಧ ನೀವು ಬಿಚ್ಚಿ ಬಿಚ್ಚಿ ನೋಡಿದ್ದರದು. ಮಾತ್ರೆ ಇಲ್ಲದವರಿಗೆ ಸಣ್ಣ ಗಾಯ ಎರಡರಿಂದ ಏಳೆಂಟು ನಿಮಿಷದಲ್ಲಿ ನಿಲ್ಲುತ್ತೆ. ಮಾವನವರಂಥವರಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಬಹುದು. ಪ್ಲೇಟ್‌ಲೆಟ್‌ಗಳು ಕಷ್ಟಪಟ್ಟು ಬಿರಡೆ ಕಟ್ಟುತ್ತಿರುವಾಗ ನೀವು ಬಟ್ಟೆ ಎತ್ತಿದರೆ, ಅದು ಬಟ್ಟೆಗೇ ಅಂಟಿಕೊಂಡು ಕಿತ್ತು ಬರುತ್ತೆ. ಕೆಲಸ ಮತ್ತೆ ಮೊದಲಿನಿಂದ. ಅನ್ನಕ್ಕಿಟ್ಟು ಎರಡು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದರೆ ಅದು ಬೇಯೋದು ಯಾವಾಗ?

ಮುಂದೆ ಹೀಗಾದರೆ ಗಾಯದ ಮೇಲೆ ನೇರವಾಗಿ, ಒಗೆದ ಹತ್ತಿಬಟ್ಟೆ ಮಡಚಿ ಇಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಲಿ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ, ಒಂದು ಸಲವೂ ಎತ್ತಬಾರದು. ಭಯದಲ್ಲಿ ಎರಡು ನಿಮಿಷ ಹತ್ತು ನಿಮಿಷದ ಹಾಗೆ ಅನ್ನಿಸುತ್ತೆ, ಅದಕ್ಕೇ ಗಡಿಯಾರ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ಹದಿನೈದು ನಿಮಿಷಕ್ಕೂ ನಿಲ್ಲದಿದ್ದರೆ ಮತ್ತೆ ಹದಿನೈದು, ಅದೂ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಕಟ್ಟೋದಕ್ಕೂ ಒತ್ತೋದಕ್ಕೂ ವ್ಯತ್ಯಾಸ ಇದೆ. ಬೆರಳಿಗೆ ದಾರ, ರಬ್ಬರ್ ಬ್ಯಾಂಡ್ ಸುತ್ತಿ ಬಿಗಿಯೋದು ಬೇಡವೇ ಬೇಡ, ಮರೆತು ಬಿಟ್ಟರೆ ಬೆರಳೇ ಕಪ್ಪಾಗುತ್ತೆ. ತೋಳು ಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ಜಗ್ಗದಿದ್ದರೆ ಮಾತ್ರ ಗಾಯಕ್ಕಿಂತ ಸ್ವಲ್ಪ ಮೇಲೆ, ಹೃದಯದ ಕಡೆಗೆ, ಅಗಲವಾದ ಬಟ್ಟೆ ಬಿಗಿದು, ಕಟ್ಟಿದ ಹೊತ್ತು ಬರೆದಿಟ್ಟು, 108ಕ್ಕೆ ಫೋನ್ ಮಾಡಿ. ರೈಸ್ ಮಿಲ್ಲಿನ ಬೆಲ್ಟಿಗೆ ಸಿಕ್ಕು ಬೆರಳು ತುಂಡಾದರೆ ಆ ತುಂಡನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸಿನ ಮೇಲಿಡಿ. ಐಸಿಗೆ ನೇರ ಮುಟ್ಟಿಸಬಾರದು.

ಕಾಫಿ ಪುಡಿಯಿಂದ ರಕ್ತ ನಿಂತದ್ದನ್ನು ಕಣ್ಣಾರೆ ನೋಡಿದ್ದೇವೆ ಅಂತ ಬಹಳ ಜನ ನನ್ನ ಹತ್ತಿರ ಜಗಳಕ್ಕೆ ಬಂದಿದ್ದಾರೆ. ನೋಡಿರಬಹುದು. ಒಣ ಪುಡಿ ರಕ್ತ ಹೀರುತ್ತೆ, ಪುಡಿ ಉದುರದಿರಲಿ ಅಂತ ಮೇಲೆ ಕೈ ಒತ್ತಿರುತ್ತೀರಿ, ಅಷ್ಟರಲ್ಲಿ ಐದು ನಿಮಿಷ ಆಗಿರುತ್ತೆ. ಕೆಲಸ ಮಾಡಿದ್ದು ಕೈ, ಹೆಸರು ಬಂದದ್ದು ಕಾಫಿಗೆ. ಆ ಪುಡಿಯ ಹಿಂದೆ ಏನು ಬರುತ್ತೆ ಅಂತ ನಮಗೆ ಗೊತ್ತು. ಒಮ್ಮೆ ಕಿನ್ನಾಳದಿಂದ ಗೊಂಬೆ ಮಾಡುವವರೊಬ್ಬರು ಉಳಿ ತಾಗಿದ ಬೆರಳಿಗೆ ಮರದ ಪುಡಿ ತುಂಬಿಕೊಂಡು ಬಂದಿದ್ದರು. ರಕ್ತ ನಿಂತಿತ್ತು. ಹೊಲಿಗೆ ಹಾಕಬೇಕಾದರೆ ಆ ಪುಡಿಯನ್ನೆಲ್ಲ ತೊಳೆದು ಉಜ್ಜಿ ತೆಗೆಯಬೇಕಾಯಿತು, ರಕ್ತ ಮತ್ತೆ ಶುರು. ಅವರಿಗೆ ನೋವು, ನನಗೆ ಅರ್ಧ ಗಂಟೆ ಕೆಲಸ. ಅರಿಶಿನ, ಸಕ್ಕರೆ, ಟೀ ಪುಡಿ ಎಲ್ಲದರದ್ದೂ ಇದೇ ಕಥೆ. ಸುಣ್ಣ ಇನ್ನೂ ಕೆಟ್ಟದ್ದು, ಚರ್ಮ ಸುಡುತ್ತೆ. ಈಚೆಗೆ ಹುಡುಗರು ಫೆವಿಕ್ವಿಕ್ ಹಾಕಿಕೊಂಡು ಬರುತ್ತಾರೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಬಳಸುವ ಅಂಟು ಅದೇ ಜಾತಿಯದು ನಿಜ, ಆದರೆ ಅಂಗಡಿಯದು ಗಾಯಕ್ಕಾಗಿ ಮಾಡಿದ್ದಲ್ಲ.

ಟಿಟಿ ಇಂಜೆಕ್ಷನ್ ಹಾಕಿಸಿದರೆ ರಕ್ತ ನಿಲ್ಲುತ್ತೆ ಅನ್ನುವವರೂ ಇದ್ದಾರೆ. ಅದಕ್ಕೂ ರಕ್ತಕ್ಕೂ ಸಂಬಂಧ ಇಲ್ಲ, ಅದು ಧನುರ್ವಾಯು ಬರದಿರಲು. ಆ ರೋಗದ ಬೀಜ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತೆ, ಮೇವು ಕೊಯ್ಯುವ ಕುಡುಗೋಲಿಗೆ ಎರಡೂ ಅಂಟಿರುತ್ತವೆ. ಮಾವನವರು ಐದು ವರ್ಷದಲ್ಲಿ ಹಾಕಿಸಿಲ್ಲ ಅಂದರೆ ಹಾಕಿಸಿ.

ಒಂದು ಟವೆಲ್ ತೊಯ್ದದ್ದರ ಬಗ್ಗೆಯೂ ಹೇಳಬೇಕು. ಅರವತ್ತು ಕೇಜಿ ತೂಕದವರ ಮೈಯಲ್ಲಿ ನಾಲ್ಕು ಲೀಟರಿಗಿಂತ ಸ್ವಲ್ಪ ಜಾಸ್ತಿ ರಕ್ತ ಇರುತ್ತೆ. ರಕ್ತದಾನ ಶಿಬಿರದಲ್ಲಿ ಒಬ್ಬರಿಂದ 350 ಮಿಲಿಲೀಟರ್ ತೆಗೆದು, ಬಿಸ್ಕೆಟ್ ಕೊಟ್ಟು ಮನೆಗೆ ಕಳಿಸುತ್ತೇವೆ. ಒಂದು ಟೀ ಲೋಟದಷ್ಟು ರಕ್ತ ಸಾಕು ಟವೆಲ್ ಕೆಂಪಾಗಲು. ಬಟ್ಟೆಯ ಮೇಲೆ ಹರಡಿದಾಗ ಹತ್ತು ಪಟ್ಟು ಕಾಣುತ್ತೆ. ಭಯ ಪಡಬೇಕಾದದ್ದು ಬೇರೆಯದಕ್ಕೆ. ತಲೆ ಸುತ್ತಿ ಮೈ ತಣ್ಣಗಾಗಿ ಬೆವತರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ, ಕಾಫಿ ಗಸಿಯಂಥ ವಾಂತಿ ಆದರೆ, ತಲೆಗೆ ಪೆಟ್ಟು ಬಿದ್ದು ತಲೆನೋವು ಏರುತ್ತ ಹೋದರೆ ತಡ ಮಾಡಬೇಡಿ. ಈ ಮಾತ್ರೆ ತಗೊಳ್ಳುವವರಿಗೆ ಹೊರಗಿನ ಗಾಯಕ್ಕಿಂತ ಹೊಟ್ಟೆಯೊಳಗಿನ ರಕ್ತಸ್ರಾವ ಅಪಾಯ. ಅದಕ್ಕೆ ದಾರಿ ಮಾಡಿಕೊಡೋದು ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಹೊಲದಿಂದ ಬಂದು ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುವ ರೂಢಿ ನಮ್ಮ ಕಡೆ ಜಾಸ್ತಿ. ಆಸ್ಪಿರಿನ್ ಜೊತೆ ಅವು ಸೇರಿದರೆ ಹೊಟ್ಟೆ ಹುಣ್ಣಾಗಿ ರಕ್ತ ಹೋಗುವ ಅಪಾಯ ಏರುತ್ತೆ. ಮಾವನವರಿಗೆ ನೋವಾದರೆ ಪ್ಯಾರಾಸಿಟಮಾಲ್ ಸಾಕು.

ಓದುವ ಬೇರೆಯವರಿಗೆ ಎರಡು ಮಾತು. ಹೃದಯದ ಕವಾಟ ಬದಲಿಸಿದವರು ತಗೊಳ್ಳುವ ವಾರ್ಫರಿನ್, ಅಸಿಟ್ರೋಮ್ ಬೇರೆ ಜಾತಿಯ ಮಾತ್ರೆ. ಅವು ತಡೆಯೋದು ಪ್ಲೇಟ್‌ಲೆಟ್ ಅಲ್ಲ, ಮೂರನೇ ಹೆಜ್ಜೆಯ ಬಲೆಯನ್ನು. ಲಿವರ್ ಆ ಪ್ರೋಟೀನುಗಳಲ್ಲಿ ನಾಲ್ಕನ್ನು ಮಾಡಲು ವಿಟಮಿನ್ ಕೆ ಬೇಕು, ಈ ಮಾತ್ರೆಗಳು ಅದಕ್ಕೇ ಅಡ್ಡ ಬರುತ್ತವೆ. ವಾರ್ಫರಿನ್ ಮೊದಲು 1948ರಲ್ಲಿ ಮಾರುಕಟ್ಟೆಗೆ ಬಂದದ್ದೇ ಇಲಿ ಪಾಷಾಣವಾಗಿ. ಭತ್ತದ ಗದ್ದೆಗೆ ಇಡುವ ಬ್ರೋಮಾಡಿಯೋಲೋನ್ ಅದರ ತಮ್ಮನೇ. ಹಾಗಾಗಿ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರೆ ಆ ಕ್ಷಣ ಏನೂ ಆಗಿಲ್ಲ ಅಂತ ಸುಮ್ಮನಿರಬೇಡಿ, ರಕ್ತ ಹೋಗೋದು ಒಂದೆರಡು ದಿನ ಬಿಟ್ಟು. ವಾರ್ಫರಿನ್ ತಗೊಳ್ಳುವವರು ಸೊಪ್ಪು ಬಿಡಬೇಕು ಅಂತಿಲ್ಲ. ಮೆಂತ್ಯ, ಪಾಲಕ್, ಪುಂಡಿಪಲ್ಯ ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಮಾವನವರಿಗೆ ಈ ಸೊಪ್ಪಿನ ಲೆಕ್ಕ ಬೇಕಿಲ್ಲ.

ಇನ್ನೊಂದು, ಗದ್ದೆಯಲ್ಲಿ ಕಾಲಿಗೆ ಸಣ್ಣ ಗಾಯ, ಅದರಿಂದ ರಕ್ತ ಜಿನುಗುತ್ತಲೇ ಇದೆ, ಒಸಡಿನಿಂದಲೂ ಬರುತ್ತಿದೆ ಅಂದರೆ ಕೊಳಕುಮಂಡಲ ಕಚ್ಚಿರಬಹುದು. ಅದರ ವಿಷ ರಕ್ತದಲ್ಲಿರುವ ಹೆಪ್ಪಿನ ಪ್ರೋಟೀನನ್ನೆಲ್ಲ ಒಮ್ಮೆಲೇ ಬಳಸಿ ಖಾಲಿ ಮಾಡಿಬಿಡುತ್ತೆ. ಆಸ್ಪತ್ರೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡುತ್ತೇವೆ. ವಾಲಿಸಿದಾಗ ಹೆಪ್ಪಾಗದೆ ಹರಿದರೆ ವಿಷ ಏರಿದೆ ಅಂತ. ಅದಕ್ಕೆ ಒತ್ತೋದು, ಕಟ್ಟೋದು, ಕೊಯ್ಯೋದು ಯಾವುದೂ ಮದ್ದಲ್ಲ. ಹಾವಿನ ವಿಷದ ಔಷಧಿ ಒಂದೇ.

ಹಲ್ಲಿಗೆ ಬರೋಣ. ಹಲ್ಲು ಕೀಳಲು ಈ ಮಾತ್ರೆ ನಿಲ್ಲಿಸಬೇಕಿಲ್ಲ. ಹಿಂದೆ ಐದು ದಿನ, ಏಳು ದಿನ ನಿಲ್ಲಿಸಿ ಬನ್ನಿ ಅನ್ನುತ್ತಿದ್ದೆವು, ನಾನೂ ಅಂದಿದ್ದೇನೆ. ಈಗ ಲೆಕ್ಕ ಬದಲಾಗಿದೆ. ಹಲ್ಲಿನ ಗುಂಡಿ ಕೈಗೆ ಸಿಗುವ ಜಾಗ. ಒಂದು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಬೇಕಿದ್ದರೆ ಹೆಪ್ಪು ಕರಗದ ಹಾಗೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ದ್ರವದಲ್ಲಿ ನೆನೆಸಿದ ಹತ್ತಿ ಇಟ್ಟು ನಿಲ್ಲಿಸಬಹುದು. ನಿಮ್ಮ ಮುಂದೆ ಎರಡು ದಾರಿ ಇವೆ. ಹಲ್ಲು ಸುಮ್ನೆ ಅಲುಗಾಡುತ್ತಿದೆ, ನೋವಿಲ್ಲ ಅಂದರೆ ಇನ್ನು ನಾಲ್ಕು ತಿಂಗಳು ಕಾಯಿರಿ. ವರ್ಷ ತುಂಬಿದ ಮೇಲೆ ಹೃದಯದ ಡಾಕ್ಟರು ಒಂದು ಮಾತ್ರೆ ಬಿಡಿಸಬಹುದು, ಆಗ ಇನ್ನೂ ಸುಲಭ. ಕೀವು, ಬಾವು, ನೋವು ಇದ್ದರೆ ಕಾಯಬೇಡಿ. ಬಾಯಿಯ ಕೀವು ಹೃದಯಕ್ಕೂ ಒಳ್ಳೇದಲ್ಲ. ನನ್ನನ್ನು ಕೇಳಿದರೆ, ಕೀಳಿಸುವುದೇ ಆದರೆ ಬೆಳಗ್ಗೆ ಹೋಗಿ. ಸಂಜೆ ಕೀಳಿಸಿ ಊರಿಗೆ ಬಂದು ರಾತ್ರಿ ಹತ್ತಕ್ಕೆ ರಕ್ತ ಶುರುವಾದರೆ ಬಸ್ಸೂ ಇಲ್ಲ, ಡಾಕ್ಟರೂ ಇಲ್ಲ. ಒಂದು ಸಲಕ್ಕೆ ಒಂದೇ ಹಲ್ಲು. ಸ್ಟೆಂಟ್ ಚೀಟಿ ಮತ್ತು ಮಾತ್ರೆಗಳನ್ನು ಹಲ್ಲಿನ ಡಾಕ್ಟರಿಗೆ ಮೊದಲೇ ತೋರಿಸಿ. ಮನೆಗೆ ಬಂದ ಮೇಲೆ ಒಂದು ದಿನ ಜೋರಾಗಿ ಬಾಯಿ ಮುಕ್ಕಳಿಸಬಾರದು, ಎಲೆ ಅಡಿಕೆ, ತಂಬಾಕು ಇಲ್ಲ, ಬಿಸಿ ಚಹಾ ಇಲ್ಲ. ಉಗುಳುತ್ತ ಕೂರೋದೂ ಬೇಡ, ಹೆಪ್ಪು ಕಿತ್ತು ಬರುತ್ತೆ. ರಕ್ತ ಜಿನುಗಿದರೆ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಲಿ.

ಮಗನ ಮೂಗು. ಅಜ್ಜನ ರಕ್ತ ತಡವಾಗಿ ನಿಂತದ್ದು ಮಾತ್ರೆಯಿಂದ. ಮಾತ್ರೆಯ ಗುಣ ವಂಶಕ್ಕೆ ಹೋಗಲ್ಲ. ವಂಶದಲ್ಲಿ ಬರುವ ಹೀಮೋಫಿಲಿಯಾ ಅಂತ ಒಂದು ರೋಗ ಇದೆ, ಅದರಲ್ಲಿ ಎಂಟನೇ ಅಥವಾ ಒಂಬತ್ತನೇ ನಂಬರಿನ ಪ್ರೋಟೀನ್ ಕಮ್ಮಿ ಇರುತ್ತೆ. ಆದರೆ ಅದು ಅಪ್ಪನಿಂದ ಮಗನಿಗೆ ದಾಟೋದೇ ಇಲ್ಲ. ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತೆ. ಹಾಗಾಗಿ ನೆನಪು ಮಾಡಿಕೊಳ್ಳಬೇಕಾದದ್ದು ನಿಮ್ಮ ಮಾವನವರನ್ನಲ್ಲ, ನಿಮ್ಮ ತವರಿನ ಗಂಡಸರನ್ನು. ನಿಮ್ಮ ಅಣ್ಣತಮ್ಮಂದಿರಿಗೆ, ಸೋದರಮಾವಂದಿರಿಗೆ ಚಿಕ್ಕಂದಿನಿಂದ ಮೊಣಕಾಲು ಊದಿಕೊಳ್ಳೋದು, ಹಲ್ಲು ಬಿದ್ದಾಗ ದಿನಗಟ್ಟಲೆ ರಕ್ತ ಬರೋದು ಇತ್ತಾ? ಈ ರೋಗ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವಂಶದಲ್ಲಿ ಯಾರಿಗೂ ಇಲ್ಲದೆಯೂ ಬಂದಿರುತ್ತೆ, ಹಾಗಾಗಿ ಮಗನ ಮೈಯನ್ನೂ ನೋಡಿ. ಕಾರಣವಿಲ್ಲದೆ ದೊಡ್ಡ ನೀಲಿ ಕಲೆ, ಕೀಲು ಊತ, ಒಸಡಿನಲ್ಲಿ ರಕ್ತ, ಅಥವಾ ಮೂಗು ಸರಿಯಾಗಿ ಒತ್ತಿ ಹಿಡಿದರೂ ಇಪ್ಪತ್ತು ನಿಮಿಷ ದಾಟಿದರೆ ಪರೀಕ್ಷೆ ಮಾಡಿಸಿ. ಆ ರೋಗ ಇರುವವರಿಗೆ ದಾವಣಗೆರೆಯಲ್ಲಿ ಕರ್ನಾಟಕ ಹೀಮೋಫಿಲಿಯಾ ಸೊಸೈಟಿ ಇದೆ. ನಿಮ್ಮ ತಿಂಗಳ ಮುಟ್ಟು ಏಳು ದಿನ ದಾಟಿ, ಗಡ್ಡೆ ಗಡ್ಡೆ ಹೋಗುತ್ತಾ ಅಂತಲೂ ಕೇಳಿಕೊಳ್ಳಿ. ರಕ್ತ ತಡವಾಗಿ ನಿಲ್ಲುವ ಬೇರೆ ರೋಗಗಳು ಹೆಣ್ಣುಮಕ್ಕಳಲ್ಲಿ ಆ ವೇಷದಲ್ಲೇ ಇರುತ್ತವೆ, ‘ನಮ್ಮ ಮನ್ಯಾಗ ಎಲ್ಲಾರ್ಗೂ ಹಿಂಗ’ ಅಂತ ಯಾರೂ ತೋರಿಸೋದಿಲ್ಲ.

ಇದ್ಯಾವುದೂ ಇಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಅಂದರೆ ನಮ್ಮ ಬಿಸಿಲೇ ಕಾರಣ. 40 ಡಿಗ್ರಿ ದಾಟಿದ ಒಣಗಾಳಿಗೆ ಮೂಗಿನ ಮುಂಭಾಗದ ತೆಳು ಪದರ ಬಿರುಕು ಬಿಡುತ್ತೆ, ಹುಡುಗರು ಅಲ್ಲೇ ಬೆರಳು ಹಾಕುತ್ತಾರೆ. ತಲೆ ಹಿಂದಕ್ಕೆ ವಾಲಿಸಬೇಡಿ, ರಕ್ತ ಗಂಟಲಿಗೆ ಇಳಿದು ವಾಂತಿ ಆಗುತ್ತೆ. ಈರುಳ್ಳಿ ಮೂಸಿಸೋದೂ ಬೇಡ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಬಾಯಿಂದ ಉಸಿರಾಡಲಿ. ಇಲ್ಲೂ ನಡುವೆ ಬಿಟ್ಟು ನೋಡಬಾರದು. ರಾತ್ರಿ ಮಲಗುವಾಗ ಮೂಗಿನ ಒಳಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಉಗುರು ಕತ್ತರಿಸಿ.

ಟವೆಲ್ ಬಗ್ಗೆ. ಬಿಸಿನೀರಲ್ಲಿ ಒಗೆದಿರಬೇಕು. ರಕ್ತ ಪ್ರೋಟೀನ್, ಬಿಸಿಗೆ ಮೊಟ್ಟೆಯ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತೆ. ಮುಂದೆ ಹೀಗಾದರೆ ಒಣಗುವ ಮೊದಲೇ ತಣ್ಣೀರಿಗೆ ಉಪ್ಪು ಹಾಕಿ ನೆನೆಸಿಡಿ. ಈ ಟವೆಲ್ ಮಾತ್ರ ಎಮ್ಮೆ ಮೈ ಒರೆಸೋಕೆ ಇಟ್ಟುಕೊಳ್ಳಿ.